ನೆಲದಡಿಯ ಹೊಣೆ

ಕರ್ನಾಟಕದ ನೆಲದಲ್ಲಿ ಚಿನ್ನವುಂಟು, ಕಬ್ಬಿಣದ ಅದಿರುಂಟು, ಮ್ಯಾಂಗನೀಸ್ ಉಂಟು. ಕಲ್ಲಿದ್ದಲು ಮಾತ್ರ ಇಲ್ಲ. ಆದರೂ ಕಲ್ಲಿದ್ದಲು ಅಗೆಯುವವರ ಋಣ ನಮ್ಮ ಮೇಲೆ ಇದ್ದೇ ಇದೆ. ರಾಯಚೂರಿನ ಸಮೀಪ ಕೃಷ್ಣಾನದಿಯ ದಂಡೆಯಲ್ಲಿರುವ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರವು 1985ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿದೆ. ಅದರ ಕುಲುಮೆಗಳಿಗೆ ಬೇಕಾದ ಕಲ್ಲಿದ್ದಲು ರೈಲುಬಂಡಿಗಳಲ್ಲಿ ಹೊರರಾಜ್ಯಗಳಿಂದ, ಮುಖ್ಯವಾಗಿ ನೆರೆಯ ತೆಲಂಗಾಣದ ಸಿಂಗರೇಣಿ ಗಣಿಗಳಿಂದ, ಬರುತ್ತದೆ. ಮನೆಯಲ್ಲಿ ಗುಂಡಿ ಒತ್ತಿದೊಡನೆ ಹೊತ್ತಿಕೊಳ್ಳುವ ದೀಪವು ಎಲ್ಲಿಯೋ ಒಂದು ಕಡೆ ಭೂಮಿಯನ್ನು ಅಗೆದವರ ದುಡಿಮೆಯ ಫಲ.

ಇಂದು ನಮ್ಮ ದೇಶದ ಕಲ್ಲಿದ್ದಲಿನ ಬಹುಭಾಗವು ಮೇಲ್ಮಣ್ಣನ್ನು ಸರಿಸಿ ಅಗೆಯುವ ತೆರೆದ ಗಣಿಗಳಿಂದ ದೊರೆಯುತ್ತದೆ. ಆದರೆ ಕಲ್ಲಿದ್ದಲಿನ ಪದರವು ಬಹಳ ಆಳದಲ್ಲಿದ್ದರೆ ಮನುಷ್ಯನು ಅದನ್ನು ಹುಡುಕಿಕೊಂಡು ಭೂಮಿಯ ಒಡಲಿಗೇ ಇಳಿಯಬೇಕಾಗುತ್ತದೆ. ಪಶ್ಚಿಮ ಬಂಗಾಳದ ರಾಣಿಗಂಜ್, ಝಾರ್ಖಂಡದ ಝರಿಯಾ, ತೆಲಂಗಾಣದ ಸಿಂಗರೇಣಿ ಮೊದಲಾದ ಪ್ರದೇಶಗಳಲ್ಲಿ ಇಂಥ ಭೂಗತ ಗಣಿಗಳಿವೆ. ಅಲ್ಲಿ ಪ್ರತಿ ಪಾಳಿಯಲ್ಲೂ ನೂರಾರು ಜನ ನೆಲದಡಿಗೆ ಇಳಿಯುತ್ತಾರೆ. ಇಳಿದವರೆಲ್ಲರೂ ಮರಳಿ ಮೇಲೆ ಬರಬೇಕಾದರೆ ಯಾರು ಯಾರು ಯಾವ ಯಾವ ಹೊಣೆಯನ್ನು ನಿರ್ವಹಿಸಬೇಕು ಎಂಬುದೇ ಈ ಪಾಠದ ವಿಷಯ.

ಭೂಗತ ಗಣಿಯನ್ನು ನೆಲದ ಕೆಳಗಿನ ಒಂದು ಊರೆನ್ನಬಹುದು. ನೆಟ್ಟಗೆ ಕೊರೆದ ಬಾವಿಯ ಮೂಲಕವಾಗಲಿ, ಓರೆಯಾಗಿ ಇಳಿಯುವ ಸುರಂಗದ ಮೂಲಕವಾಗಲಿ ಅದನ್ನು ಪ್ರವೇಶಿಸಬೇಕು. ಒಳಗೆ ಕಲ್ಲಿದ್ದಲಿನ ಪದರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಓಣಿಗಳನ್ನು ಕೊರೆದಿರುತ್ತಾರೆ. ಓಣಿಗಳ ನಡುವೆ ಉಳಿದ ಕಲ್ಲಿದ್ದಲಿನ ಚೌಕಗಳೇ ಮೇಲಿನ ಭೂಮಿಯನ್ನು ಹೊತ್ತು ನಿಲ್ಲುವ ಕಂಬಗಳು. ಈ ಊರಿಗೆ ಸೂರ್ಯನ ಬೆಳಕಿಲ್ಲ. ತಾನಾಗಿ ಬೀಸುವ ಗಾಳಿಯೂ ಸಾಲದು. ಬೆಳಕನ್ನೂ ಗಾಳಿಯನ್ನೂ ಮನುಷ್ಯನೇ ಒದಗಿಸಿಕೊಳ್ಳಬೇಕು.

ಕನ್ನಡಿಗರಿಗೆ ಗಣಿ ಎಂದೊಡನೆ ನೆನಪಿಗೆ ಬರುವುದು ಕೋಲಾರದ ಚಿನ್ನದ ಗಣಿ. 2001ರಲ್ಲಿ ಕೆಲಸ ನಿಲ್ಲಿಸುವ ಮುನ್ನ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದವು. ಒತ್ತಡವನ್ನು ತಾಳಲಾರದೆ ಬಂಡೆಗಳು ಸಿಡಿಯುವುದು ಅಲ್ಲಿನ ದೊಡ್ಡ ಅಪಾಯವಾಗಿತ್ತು. ನಮ್ಮ ಕಲ್ಲಿದ್ದಲು ಗಣಿಗಳು ಅಷ್ಟು ಆಳವಾದವಲ್ಲ. ಆದರೆ ಅವುಗಳ ಅಪಾಯದ ಬಗೆಯೇ ಬೇರೆ. ಚಿನ್ನದ ಗಣಿಯ ಕಲ್ಲು ಉರಿಯುವುದಿಲ್ಲ. ಕಲ್ಲಿದ್ದಲು ಗಣಿಯಲ್ಲಿ ಗೋಡೆಯೂ ಕಂಬವೂ ಉರಿಯುವ ವಸ್ತುವೇ. ಅದರಿಂದ ಹೊರಸೂಸುವ ಅನಿಲವೂ ಉರಿಯುತ್ತದೆ, ಅದನ್ನು ಒಡೆದಾಗ ಏಳುವ ಧೂಳೂ ಉರಿಯುತ್ತದೆ. ಇವುಗಳ ಜೊತೆಗೆ ಮೇಲಿನಿಂದ ಕುಸಿಯುವ ಚಾವಣಿ, ಹಳೆಯ ಗಣಿಗಳಲ್ಲಿ ಮಡುಗಟ್ಟಿ ನಿಂತ ನೀರು ಎಂಬ ಇನ್ನೆರಡು ಅಪಾಯಗಳೂ ಸೇರಿಕೊಂಡಿವೆ.

ಗಣಿಯ ನಿಯಮಗಳನ್ನು ಓದುವವರಿಗೆ ಅವು ಶುಷ್ಕವಾಗಿ ತೋರಬಹುದು. ಆದರೆ ಅವು ಯಾವುದೋ ಕಚೇರಿಯಲ್ಲಿ ಕುಳಿತು ಊಹಿಸಿ ಬರೆದವುಗಳಲ್ಲ. ಬಹುಮಟ್ಟಿಗೆ ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ. ಉದಾಹರಣೆಗೆ, ಯಾವ ಭೂಗತ ಗಣಿಗಾದರೂ ಪರಸ್ಪರ ದೂರವಿರುವ ಎರಡು ದಾರಿಗಳು ಇರಲೇಬೇಕೆಂಬ ನಿಯಮವನ್ನು ನೋಡೋಣ. 1862ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಎಂಬಲ್ಲಿನ ಗಣಿಗೆ ಒಂದೇ ಬಾವಿಯಿತ್ತು. ನೀರೆತ್ತುವ ಯಂತ್ರದ ಎರಕಹೊಯ್ದ ಕಬ್ಬಿಣದ ದೊಡ್ಡ ತೊಲೆಯು ಮುರಿದು ಆ ಬಾವಿಯೊಳಗೆ ಬಿದ್ದು, ದಾರಿಯನ್ನು ಮುಚ್ಚಿಬಿಟ್ಟಿತು. ಕೆಳಗಿದ್ದವರು ಹೊರಬರಲು ಬೇರೆ ಮಾರ್ಗವಿರಲಿಲ್ಲ. ಆ ದುರಂತದಲ್ಲಿ 204 ಜನ ಮಡಿದರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಗಣಿಗೆ ಎರಡು ದಾರಿಗಳನ್ನು ಕಡ್ಡಾಯಗೊಳಿಸಿತು. ಇಂದು ನಮ್ಮ ದೇಶದ ಗಣಿಗಳಲ್ಲಿಯೂ ಅದೇ ನಿಯಮವಿದೆ.

ದೀಪದ ಕಥೆಯೂ ಇಂಥದೇ. ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರವರೆಗೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟ ಸಂಭವಿಸುತ್ತದೆ. ಹಿಂದಿನ ಗಣಿಗಾರರು ಬೆಳಕಿಗಾಗಿ ಬಯಲು ಜ್ವಾಲೆಯ ದೀಪಗಳನ್ನೇ ಕೊಂಡೊಯ್ಯುತ್ತಿದ್ದರು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ, ಅವರಲ್ಲಿ ಹಲವರು ಬಾಲಕರು, ಸತ್ತರು. ಆ ದುರಂತದಿಂದ ಎಚ್ಚೆತ್ತ ಜನರ ಕೋರಿಕೆಯಂತೆ ವಿಜ್ಞಾನಿ ಹಂಫ್ರಿ ಡೇವಿಯು 1815ರಲ್ಲಿ ಸುರಕ್ಷಾ ದೀಪವನ್ನು ರೂಪಿಸಿದನು. ಅದರ ಜ್ವಾಲೆಯ ಸುತ್ತ ಸೂಕ್ಷ್ಮವಾದ ತಂತಿಯ ಜಾಲರಿಯಿರುತ್ತದೆ. ಜಾಲರಿಯೊಳಗೆ ಹೊಕ್ಕ ಅನಿಲ ಹೊತ್ತಿಕೊಂಡರೂ ಲೋಹವು ಶಾಖವನ್ನು ಹೀರಿಕೊಳ್ಳುವುದರಿಂದ ಉರಿಯು ಹೊರಗೆ ಹರಡುವುದಿಲ್ಲ. ಅಷ್ಟೇ ಅಲ್ಲ, ಗಾಳಿಯಲ್ಲಿ ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ತಿಳಿನೀಲಿಯ ಟೊಪ್ಪಿಗೆಯಂಥ ಉರಿ ಕಾಣಿಸಿಕೊಳ್ಳುತ್ತದೆ. ಅದರ ಎತ್ತರವನ್ನು ನೋಡಿ ಅನಿಲದ ಪ್ರಮಾಣವನ್ನು ಅಂದಾಜು ಮಾಡಬಹುದು.

ಇಂಥ ದೀಪ ಬಂದಮೇಲೆ ಸ್ಫೋಟಗಳು ನಿಂತುಹೋದವೇ? ಇಲ್ಲ. ದೀಪವನ್ನು ನಂಬಿ, ಅದುವರೆಗೆ ಯಾರೂ ಕಾಲಿಡದಿದ್ದ ಅನಿಲ ತುಂಬಿದ ಜಾಗಗಳಿಗೆ ಕಾರ್ಮಿಕರನ್ನು ಕಳುಹಿಸಲಾಯಿತು. ಹರಿದ ಜಾಲರಿಯ ದೀಪಗಳೂ ಬಳಕೆಯಲ್ಲಿದ್ದವು. ದೀಪವನ್ನು ಪರೀಕ್ಷಿಸುವವನು, ಅದರ ಜ್ವಾಲೆಯನ್ನು ಓದಬಲ್ಲವನು, ಓದಿದ ಮೇಲೆ 'ಇಲ್ಲಿ ಕೆಲಸ ಕೂಡದು' ಎಂದು ಹೇಳುವ ಅಧಿಕಾರವುಳ್ಳವನು, ಈ ಮೂರು ಬಗೆಯ ಮನುಷ್ಯರಿಲ್ಲದೆ ದೀಪವೊಂದೇ ಯಾರನ್ನೂ ಕಾಯಲಾರದೆಂಬುದು ಅನುಭವದಿಂದ ತಿಳಿದುಬಂದಿತು. ಉಪಕರಣದಷ್ಟೇ ಹೊಣೆಗಾರನೂ ಮುಖ್ಯನೆಂಬ ಈ ತತ್ತ್ವದ ಮೇಲೆಯೇ ಇಂದಿನ ಗಣಿ ಕಾನೂನು ನಿಂತಿದೆ.

ನಮ್ಮ ದೇಶದಲ್ಲಿ ಮೊದಲನೆಯ ಗಣಿ ಕಾಯಿದೆ ಬಂದುದು 1901ರಲ್ಲಿ. ಮರುವರ್ಷವೇ ಗಣಿಗಳ ತಪಾಸಣೆಗಾಗಿ ಸರ್ಕಾರದ ಒಂದು ಕಚೇರಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಯಿತು. ಅದೇ ಬೆಳೆದು ಇಂದು ಧನಬಾದಿನಲ್ಲಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವಾಗಿದೆ. ಸ್ವಾತಂತ್ರ್ಯಾನಂತರ 1952ರಲ್ಲಿ ಹೊಸ ಗಣಿ ಕಾಯಿದೆಯೂ, 1957ರಲ್ಲಿ ಕಲ್ಲಿದ್ದಲು ಗಣಿಗಳಿಗೇ ಮೀಸಲಾದ ವಿವರವಾದ ನಿಯಮಾವಳಿಯೂ ರಚಿತವಾದವು. 2017ರಲ್ಲಿ ಆ ನಿಯಮಾವಳಿಯನ್ನು ಪರಿಷ್ಕರಿಸಲಾಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆಯ ಸಂಹಿತೆಯು ಕಾರ್ಖಾನೆಗಳೊಡನೆ ಗಣಿಗಳನ್ನೂ ಒಳಗೊಂಡಿದೆ. ಕಾಯಿದೆಗಳ ಹೆಸರು ಬದಲಾದರೂ ಅವುಗಳ ತಿರುಳು ಒಂದೇ: ಗಣಿಯ ಪ್ರತಿಯೊಂದು ಭಾಗಕ್ಕೂ ಪ್ರತಿಯೊಂದು ಹೊತ್ತಿನಲ್ಲೂ ಉತ್ತರ ಹೇಳಬೇಕಾದ ಒಬ್ಬ ವ್ಯಕ್ತಿ ಇರಬೇಕು.

ಈ ಹೊಣೆಯ ಸರಪಳಿಯ ಮೇಲ್ತುದಿಯಲ್ಲಿ ಗಣಿಯ ಮಾಲೀಕ ಸಂಸ್ಥೆಯೂ ವ್ಯವಸ್ಥಾಪಕನೂ ಇದ್ದಾರೆ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅರ್ಹತಾಪತ್ರ ಪಡೆದವರು ಮಾತ್ರ ವ್ಯವಸ್ಥಾಪಕರಾಗಬಹುದು. ಅಂಥವರಿಲ್ಲದೆ ಗಣಿಯನ್ನು ನಡೆಸುವಂತಿಲ್ಲ. ಅವರಿಗೆ ನೆರವಾಗಲು ಸಹಾಯಕ ವ್ಯವಸ್ಥಾಪಕರು, ಸುರಕ್ಷತಾ ಅಧಿಕಾರಿ, ಗಾಳಿ ಸಂಚಾರವನ್ನು ನೋಡಿಕೊಳ್ಳುವ ಅಧಿಕಾರಿ, ಗಣಿಯ ನಕ್ಷೆಗಳನ್ನು ಸಿದ್ಧಪಡಿಸುವ ಸರ್ವೇಯರ್, ವಿದ್ಯುತ್ ಮತ್ತು ಯಂತ್ರಗಳ ಇಂಜಿನಿಯರುಗಳು ಇರುತ್ತಾರೆ. ಒಂದೊಂದು ಪಾಳಿಗೂ ಓವರ್‌ಮನ್ ಎಂಬ ಮೇಲ್ವಿಚಾರಕನಿರುತ್ತಾನೆ. ಅವನ ಕೆಳಗೆ, ಗಣಿಯ ಒಂದೊಂದು ವಿಭಾಗಕ್ಕೆ ಒಬ್ಬೊಬ್ಬನಂತೆ, ಗಣಿ ಸರ್ದಾರರಿರುತ್ತಾರೆ. ಓವರ್‌ಮನ್ ಮತ್ತು ಸರ್ದಾರರು ಕೂಡ ಅರ್ಹತಾಪತ್ರ ಪಡೆದವರೇ ಆಗಿರಬೇಕು.

ಪದವಿಯ ದೃಷ್ಟಿಯಿಂದ ಸರ್ದಾರನು ದೊಡ್ಡವನಲ್ಲ. ಆದರೆ ಕಾರ್ಮಿಕರ ಪ್ರಾಣಕ್ಕೆ ಅತಿ ಸಮೀಪದಲ್ಲಿರುವ ಹೊಣೆಗಾರ ಅವನೇ. ಪಾಳಿ ಆರಂಭವಾಗುವ ಮುನ್ನಿನ ಎರಡು ಗಂಟೆಗಳೊಳಗೆ ಅವನು ತನ್ನ ವಿಭಾಗದ ಪ್ರತಿಯೊಂದು ಕೆಲಸದ ಸ್ಥಳವನ್ನೂ, ಅಲ್ಲಿಗೆ ಹೋಗುವ ದಾರಿಗಳನ್ನೂ ಸ್ವತಃ ನಡೆದು ನೋಡಬೇಕು. ಅನಿಲವಿದೆಯೇ, ಗಾಳಿ ಸರಿಯಾಗಿ ಹರಿಯುತ್ತಿದೆಯೇ, ಚಾವಣಿ ಗಟ್ಟಿಯಾಗಿದೆಯೇ, ನೀರು ಒಸರುತ್ತಿದೆಯೇ ಎಂದು ಪರೀಕ್ಷಿಸಬೇಕು. ಅಪಾಯವೆಂದು ಕಂಡ ಜಾಗಕ್ಕೆ ಬೇಲಿ ಹಾಕಿಸಿ ಯಾರೂ ಹೋಗದಂತೆ ತಡೆಯಬೇಕು. ಅವನ ತಪಾಸಣೆ ಮುಗಿಯುವವರೆಗೆ ಕಾರ್ಮಿಕರು ಕೆಲಸದ ಸ್ಥಳಕ್ಕೆ ಹೋಗುವಂತಿಲ್ಲ. ತಾನು ಕಂಡುದನ್ನೆಲ್ಲ ಅವನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಮುಂದಿನ ಪಾಳಿಯವನು ಅದನ್ನು ಓದಿ ತಿಳಿದುಕೊಂಡೇ ಕೆಲಸವನ್ನು ವಹಿಸಿಕೊಳ್ಳಬೇಕು.

ಈ ಪುಸ್ತಕದ ಮಹತ್ತ್ವವನ್ನು ನಾವು ಅರಿಯಬೇಕು. ಹಿಂದಿನ ಪಾಳಿಯಲ್ಲಿ ಚಾವಣಿಯಲ್ಲಿ ಒಂದು ಬಿರುಕು ಕಂಡಿತ್ತೆಂದು ಭಾವಿಸೋಣ. ಕಂಡವನು ಅದನ್ನು ಬರೆಯದೆ ಮನೆಗೆ ಹೋದರೆ, ಮರುಪಾಳಿಯಲ್ಲಿ ಆ ಬಿರುಕಿನ ಕೆಳಗೆ ನಿಲ್ಲುವವನಿಗೆ ಅದರ ಸುಳಿವೇ ಇರುವುದಿಲ್ಲ. ಸ್ಥಳಕ್ಕೆ ಹೋಗದೆಯೇ 'ಎಲ್ಲವೂ ಸರಿಯಾಗಿದೆ' ಎಂದು ಬರೆದರಂತೂ ಏನೂ ಬರೆಯದಿರುವುದಕ್ಕಿಂತ ಹೆಚ್ಚಿನ ಕೇಡು. ಏಕೆಂದರೆ ಆ ಮಾತನ್ನು ನಂಬಿಯೇ ಇನ್ನೊಬ್ಬನು ಒಳಗೆ ಕಾಲಿಡುತ್ತಾನೆ. ಆದ್ದರಿಂದಲೇ ಸುಳ್ಳು ವರದಿ ಬರೆಯುವುದನ್ನು ಕಾನೂನು ಅಪರಾಧವೆಂದು ಪರಿಗಣಿಸುತ್ತದೆ.

ಇನ್ನು ಕಾರ್ಮಿಕನು ಗಣಿಗೆ ಇಳಿಯುವ ಕ್ರಮವನ್ನು ನೋಡೋಣ. ಮೊದಲು ಅವನ ಹಾಜರಿ ದಾಖಲಾಗುತ್ತದೆ. ದೀಪದ ಕೋಣೆಯಲ್ಲಿ ಸಂಖ್ಯೆಯುಳ್ಳ ದೀಪವೊಂದನ್ನು ಪಡೆದು ಶಿರಸ್ತ್ರಾಣಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಪಾಳಿ ಮುಗಿದ ಮೇಲೆ ಯಾವುದಾದರೂ ದೀಪ ಹಿಂದಿರುಗದಿದ್ದರೆ ಆ ಸಂಖ್ಯೆಯ ಮನುಷ್ಯ ಇನ್ನೂ ಕೆಳಗಿದ್ದಾನೆಂದು ತಿಳಿದುಬಿಡುತ್ತದೆ. ಬಾವಿಯ ಬಾಯಿಯ ಬಳಿ ಅವನ ಜೇಬುಗಳನ್ನು ತಪಾಸಣೆ ಮಾಡುತ್ತಾರೆ. ಬೀಡಿಯಾಗಲಿ ಬೆಂಕಿಪೆಟ್ಟಿಗೆಯಾಗಲಿ ಒಳಗೆ ಹೋಗಕೂಡದು. ಇದನ್ನು ಅವಮಾನವೆಂದು ಯಾರೂ ಎಣಿಸುವುದಿಲ್ಲ. ಒಬ್ಬನ ಒಂದು ಬೀಡಿಯ ಆಸೆಗೆ ಇಡೀ ಪಾಳಿಯೇ ಬಲಿಯಾಗಬಹುದೆಂದು ಎಲ್ಲರಿಗೂ ಗೊತ್ತು. ಅನಂತರ ಉಕ್ಕಿನ ಪಂಜರದಲ್ಲಿ ನಿಂತು ಅವನು ಕೆಳಗಿಳಿಯುತ್ತಾನೆ. ಪಂಜರವನ್ನು ಏರಿಳಿಸುವ ಯಂತ್ರಚಾಲಕನಿಗೆ ಅದರಲ್ಲಿರುವವರು ಕಾಣುವುದಿಲ್ಲ. ಗಂಟೆಯ ಸಂಕೇತವೊಂದೇ ಅವನಿಗೆ ಆಧಾರ. ಸಂಕೇತ ಕೊಡುವವನೂ ಅದನ್ನು ಕೇಳಿ ಯಂತ್ರ ನಡೆಸುವವನೂ ಗಮನ ಬೇರೆಡೆಗೆ ಹರಿಸುವಂತಿಲ್ಲ.

ಕೆಳಗೆ ಮೊದಲು ಬೇಕಾದುದು ಶುದ್ಧ ಗಾಳಿ. ಒಂದು ಬಾವಿಯಿಂದ ಒಳಬಂದ ಗಾಳಿ ಓಣಿಗಳಲ್ಲೆಲ್ಲ ಸುತ್ತಿ ಇನ್ನೊಂದು ಬಾವಿಯಿಂದ ಹೊರಹೋಗುವಂತೆ ದೊಡ್ಡ ಪಂಖವೊಂದು ಸದಾ ತಿರುಗುತ್ತಿರುತ್ತದೆ. ಪ್ರತಿಯೊಬ್ಬ ವ್ಯಕ್ತಿಗೂ ನಿಮಿಷಕ್ಕೆ ಕನಿಷ್ಠ 6 ಘನಮೀಟರ್ ಗಾಳಿ ದೊರೆಯಬೇಕು. ಗಾಳಿಯಲ್ಲಿ ಆಮ್ಲಜನಕವು ಶೇಕಡಾ 19ಕ್ಕಿಂತ ಕಡಿಮೆಯಿರಬಾರದು. ಮೀಥೇನ್ ಎಲ್ಲಿಯೂ ಶೇಕಡಾ 1.25ನ್ನು ಮೀರಬಾರದು ಎಂಬ ಮಿತಿಗಳಿವೆ. ಮೀರಿದರೆ ಅಲ್ಲಿನ ವಿದ್ಯುತ್ತನ್ನು ಕಡಿದು, ಎಲ್ಲರನ್ನೂ ಹೊರಕ್ಕೆ ಕಳುಹಿಸಬೇಕು. ಸ್ಫೋಟಕ್ಕೆ ಬೇಕಾದ ಪ್ರಮಾಣ ಶೇಕಡಾ 5 ಎಂಬುದನ್ನು ನೆನೆದರೆ, ಅಪಾಯವು ಇನ್ನೂ ದೂರದಲ್ಲಿರುವಾಗಲೇ ಹಿಂದೆ ಸರಿಯಬೇಕೆಂಬ ವಿವೇಕ ಈ ಮಿತಿಯಲ್ಲಿದೆಯೆಂದು ತಿಳಿಯುತ್ತದೆ.

ಗಾಳಿಯು ಅಡ್ಡದಾರಿ ಹಿಡಿಯದಂತೆ ಓಣಿಗಳಲ್ಲಿ ಅಲ್ಲಲ್ಲಿ ಬಾಗಿಲುಗಳನ್ನು ಇಟ್ಟಿರುತ್ತಾರೆ. ಹಾದುಹೋದವನು ಬಾಗಿಲನ್ನು ಮುಚ್ಚದೆ ಹೋದರೆ ದೂರದಲ್ಲಿ ಕೆಲಸಮಾಡುವವರಿಗೆ ಗಾಳಿ ತಲಪದೆ ಅನಿಲ ಶೇಖರವಾಗಬಹುದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಗಣಿಗಳಲ್ಲಿ ಈ ಬಾಗಿಲುಗಳನ್ನು ತೆರೆದು ಮುಚ್ಚಲು ಎಳೆಯ ಮಕ್ಕಳನ್ನು ಕತ್ತಲೆಯಲ್ಲಿ ದಿನವಿಡೀ ಕೂರಿಸುತ್ತಿದ್ದರು. 1842ರ ಕಾಯಿದೆಯು ಹತ್ತು ವರ್ಷದೊಳಗಿನ ಹುಡುಗರನ್ನೂ, ಎಲ್ಲ ವಯಸ್ಸಿನ ಸ್ತ್ರೀಯರನ್ನೂ ಗಣಿಯೊಳಗಿನ ದುಡಿಮೆಯಿಂದ ಬಿಡಿಸಿತು. ಇಂದು ನಮ್ಮ ದೇಶದಲ್ಲಿ ಹದಿನೆಂಟು ವರ್ಷ ತುಂಬದವರನ್ನು ಗಣಿಯ ಕಾರ್ಮಿಕರನ್ನಾಗಿ ನೇಮಿಸುವಂತಿಲ್ಲ. 2019ರಲ್ಲಿ ಹೊರಟ ಸರ್ಕಾರಿ ಅಧಿಸೂಚನೆಯೊಂದು ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗಾಗಿ ಮಹಿಳೆಯರು ಹಗಲಿನ ವೇಳೆ, ತಮ್ಮ ಒಪ್ಪಿಗೆಯಿಂದ, ಭೂಗತ ಗಣಿಗೆ ಇಳಿಯಲು ಅವಕಾಶ ಕಲ್ಪಿಸಿತು.

ಅನಿಲಕ್ಕಿಂತಲೂ ಘೋರವಾದುದು ಧೂಳು. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಎಂಬಲ್ಲಿ ಕಲ್ಲಿದ್ದಲಿನ ಧೂಳು ಹೊತ್ತಿಕೊಂಡು ಒಂದೇ ದಿನ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ನಮ್ಮ ದೇಶದಲ್ಲಿ 1965ರ ಮೇ ತಿಂಗಳಲ್ಲಿ ಅಂದಿನ ಬಿಹಾರದ ಧೋರಿ ಗಣಿಯಲ್ಲಿ ಇಂಥದೇ ಸ್ಫೋಟಕ್ಕೆ 268 ಜನ ಬಲಿಯಾದರು. ಮೊದಲ ಸಣ್ಣ ಸ್ಫೋಟದ ಅಲೆಯು ನೆಲದ ಮೇಲಿನ ಧೂಳನ್ನು ಎಬ್ಬಿಸುತ್ತದೆ. ಎದ್ದ ಧೂಳು ಹೊತ್ತಿಕೊಂಡು ಇನ್ನಷ್ಟು ಧೂಳನ್ನು ಎಬ್ಬಿಸುತ್ತದೆ. ಹೀಗೆ ಉರಿಯು ಓಣಿಯಿಂದ ಓಣಿಗೆ ಓಡುತ್ತದೆ. ಇದನ್ನು ತಡೆಯಲು ಧೂಳಿನ ಮೇಲೆ ನೀರು ಸಿಂಪಡಿಸುತ್ತಾರೆ. ಜೊತೆಗೆ ಸುಣ್ಣಕಲ್ಲಿನ ನುಣುಪಾದ ಪುಡಿಯನ್ನು ಓಣಿಗಳಲ್ಲಿ ಹರಡುತ್ತಾರೆ. ನೆಲದ ಧೂಳಿನಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಾಗದಂತೆ ಉರಿಯದ ಪುಡಿ ಬೆರೆತಿದ್ದರೆ ಬೆಂಕಿಯು ಮುಂದುವರಿಯಲಾರದು. ಹಾಗೆ ಪುಡಿ ಹರಡುವ ಕೂಲಿಯವನ ಕೆಲಸ ನೋಟಕ್ಕೆ ಅತ್ಯಂತ ಸಾಮಾನ್ಯವಾದುದು. ಆದರೆ ಅವನು ಬಿಟ್ಟುಹೋದ ಒಂದು ಓಣಿಯೇ ಬೆಂಕಿಗೆ ದಾರಿಯಾಗಬಹುದು.

ನಮ್ಮ ದೇಶದ ಭೂಗತ ಕಲ್ಲಿದ್ದಲು ಗಣಿಗಳಲ್ಲಿ ದೀರ್ಘಕಾಲ ಹೆಚ್ಚು ಪ್ರಾಣಗಳನ್ನು ತೆಗೆದುದು ಸ್ಫೋಟವಲ್ಲ, ಚಾವಣಿಯ ಕುಸಿತ. ಅದು ಒಮ್ಮೆಗೆ ಒಬ್ಬನನ್ನೋ ಇಬ್ಬರನ್ನೋ ಬಲಿ ತೆಗೆದುಕೊಳ್ಳುವುದರಿಂದ ಅದರ ಸುದ್ದಿ ದೂರದವರೆಗೆ ಮುಟ್ಟುವುದಿಲ್ಲ. ಅನುಭವಿ ಗಣಿಗಾರನು ಕೋಲಿನಿಂದ ಚಾವಣಿಯನ್ನು ತಟ್ಟಿ ಅದರ ಸದ್ದನ್ನು ಆಲಿಸುತ್ತಾನೆ. ಗಟ್ಟಿಯಾದ ಕಲ್ಲು ಖಣಿಲೆನ್ನುತ್ತದೆ; ಒಳಗೆ ಬಿಟ್ಟುಕೊಂಡ ಕಲ್ಲು ಬೊದ್ದೆನ್ನುತ್ತದೆ. ಸಡಿಲವಾದ ಕಲ್ಲನ್ನು ಉದ್ದನೆಯ ಸಲಾಕೆಯಿಂದ ದೂರದಲ್ಲಿ ನಿಂತು ಕೆಡವಿ, ಮರದ ಕಂಬಗಳಿಂದಲೋ ಉಕ್ಕಿನ ಆಸರೆಗಳಿಂದಲೋ ಚಾವಣಿಗೆ ಒತ್ತುಕೊಡುತ್ತಾರೆ. ಈಗ ಚಾವಣಿಯನ್ನು ಕೊರೆದು ಉಕ್ಕಿನ ಬೋಲ್ಟುಗಳನ್ನು ಬಿಗಿಯುವ ಕ್ರಮ ವ್ಯಾಪಕವಾಗಿದೆ. ಆಸರೆಯಿಲ್ಲದ ಚಾವಣಿಯ ಕೆಳಗೆ, ಆಸರೆ ನಿಲ್ಲಿಸುವ ಕೆಲಸಕ್ಕೆ ಹೊರತು, ಯಾರೂ ಹೋಗಬಾರದೆಂಬುದು ಖಂಡಿತವಾದ ನಿಯಮ.

ಕಲ್ಲಿದ್ದಲನ್ನು ಒಡೆಯಲು ಸಿಡಿಮದ್ದನ್ನು ಬಳಸುವಾಗಲೂ ಇಂಥದೇ ಕಟ್ಟುನಿಟ್ಟು. ಅರ್ಹತೆ ಪಡೆದವನೇ ಅದನ್ನು ಸಿಡಿಸಬೇಕು. ಮದ್ದು ತುಂಬುವ ಮೊದಲು ಅನಿಲವನ್ನು ಪರೀಕ್ಷಿಸಬೇಕು. ರಂಧ್ರದ ಬಾಯನ್ನು ಜೇಡಿಮಣ್ಣು, ಮರಳುಗಳಿಂದ ಮುಚ್ಚಬೇಕೇ ಹೊರತು ಕಲ್ಲಿದ್ದಲಿನ ಪುಡಿಯಿಂದ ಮುಚ್ಚಕೂಡದು. ಆ ಸ್ಥಳಕ್ಕೆ ಬರುವ ಎಲ್ಲ ದಾರಿಗಳಲ್ಲೂ ಕಾವಲು ನಿಲ್ಲಿಸಿ, ಎಚ್ಚರಿಕೆ ಕೊಟ್ಟ ಮೇಲೆಯೇ ಸಿಡಿಸಬೇಕು. ಹೊಗೆ ಕರಗಿ, ಅವನು ಮತ್ತೆ ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಯಾರೂ ಅತ್ತ ಹೋಗಬಾರದು.

ನೀರಿನ ಅಪಾಯವು ಇವೆಲ್ಲಕ್ಕಿಂತ ಮೋಸದ್ದು. ಕೈಬಿಟ್ಟ ಹಳೆಯ ಗಣಿಗಳಲ್ಲಿ ವರ್ಷಗಟ್ಟಲೆ ನೀರು ತುಂಬಿಕೊಂಡಿರುತ್ತದೆ. ಹೊಸ ಗಣಿಯನ್ನು ಅಗೆಯುತ್ತ ಅರಿಯದೆ ಅದರ ಸಮೀಪಕ್ಕೆ ಹೋದರೆ, ನಡುವಿನ ಗೋಡೆ ಒಡೆದು ನೀರು ನುಗ್ಗುತ್ತದೆ. 1975ರ ಡಿಸೆಂಬರ್ 27ರಂದು ಧನಬಾದಿನ ಸಮೀಪದ ಚಸ್ನಾಲಾ ಗಣಿಯಲ್ಲಿ ಹೀಗೆ ನುಗ್ಗಿದ ನೀರಿನಲ್ಲಿ 375 ಜನ ಮುಳುಗಿಹೋದರು. ನಮ್ಮ ದೇಶದ ಗಣಿಗಳ ಚರಿತ್ರೆಯಲ್ಲಿ ಇಷ್ಟು ದೊಡ್ಡ ದುರಂತ ಇನ್ನೊಂದಿಲ್ಲ. ಹಳೆಯ ಅಗೆತದಿಂದ 60 ಮೀಟರುಗಳೊಳಗೆ ವಿಶೇಷ ಅನುಮತಿಯಿಲ್ಲದೆ ಅಗೆಯಬಾರದೆಂಬ ನಿಯಮವಿದೆ. ಅನುಮತಿ ದೊರೆತರೂ, ಮುಂದೆ ನೀರಿದೆಯೇ ಎಂದು ತಿಳಿಯಲು ಉದ್ದನೆಯ ರಂಧ್ರಗಳನ್ನು ಮೊದಲೇ ಕೊರೆಯುತ್ತ ಸಾಗಬೇಕು. ಇಲ್ಲಿ ಸರ್ವೇಯರನ ಹೊಣೆ ಹಿರಿದು. ಅವನು ಎಳೆಯುವ ಗೆರೆ ಕೆಲವು ಮೀಟರು ತಪ್ಪಿದರೂ, ಗಟ್ಟಿಯಾದ ಗೋಡೆಯಿದೆಯೆಂದು ನಂಬಿದ ಜಾಗದಲ್ಲಿ ಗೋಡೆಯೇ ಇಲ್ಲದಿರಬಹುದು.

ಇಷ್ಟೆಲ್ಲ ನಿಯಮಗಳಿದ್ದರೂ ಅನಾಹುತಗಳು ಏಕೆ ಸಂಭವಿಸುತ್ತವೆ ಎಂಬ ಪ್ರಶ್ನೆ ಏಳುವುದು ಸಹಜ. ತಿಳಿವಳಿಕೆಯ ಕೊರತೆ ಒಂದು ಕಾರಣ. ಅದಕ್ಕಾಗಿಯೇ ಹೊಸಬರಿಗೆ ತರಬೇತಿ ಕೊಡದೆ ಕೆಲಸಕ್ಕೆ ಇಳಿಸುವಂತಿಲ್ಲ. ಆದರೆ ಅದಕ್ಕಿಂತ ಆಳವಾದ ಕಾರಣವೊಂದಿದೆ. ಗಣಿಯಿಂದ ದಿನಕ್ಕೆ ಇಷ್ಟು ಟನ್ ಕಲ್ಲಿದ್ದಲು ಬರಬೇಕೆಂಬ ಗುರಿಯಿರುತ್ತದೆ. ಕೆಲಸ ನಿಂತರೆ ನಷ್ಟವಾಗುವುದು ಕಣ್ಣಿಗೆ ಕಾಣುತ್ತದೆ. ಕೆಲಸ ನಿಲ್ಲಿಸಿದ್ದರಿಂದ ಉಳಿದ ಪ್ರಾಣಗಳು ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ. ನಿನ್ನೆ ಆಸರೆಯಿಲ್ಲದ ಚಾವಣಿಯ ಕೆಳಗೆ ನಿಂತವನಿಗೆ ಏನೂ ಆಗಲಿಲ್ಲವೆಂದು ಇಂದೂ ಅಲ್ಲಿಯೇ ನಿಲ್ಲುತ್ತಾರೆ. ಹೀಗೆ ಅಪಾಯವು ಅಭ್ಯಾಸವಾಗಿಬಿಡುತ್ತದೆ.

ಈ ಒತ್ತಡದ ಎದುರು ನಿಲ್ಲುವ ಬಲವನ್ನು ಕಾನೂನು ಸರ್ದಾರನಿಗೆ ಕೊಟ್ಟಿದೆ. ಅಪಾಯ ಕಂಡೊಡನೆ, ಮೇಲಿನವರ ಅಪ್ಪಣೆಗಾಗಿ ಕಾಯದೆ, ತನ್ನ ವಿಭಾಗದ ಎಲ್ಲರನ್ನೂ ಅವನು ಹೊರಗೆ ಕಳುಹಿಸಬೇಕು. ಇದು ಅವನ ಅಧಿಕಾರವೂ ಹೌದು, ಕರ್ತವ್ಯವೂ ಹೌದು. ಕಳುಹಿಸದೆ ಅನಾಹುತವಾದರೆ, ಮೇಲಿನವರು ಹೇಳಲಿಲ್ಲವೆಂಬ ಮಾತು ಅವನನ್ನು ಕಾಪಾಡಲಾರದು. ಹಾಗೆಯೇ, ಸರ್ದಾರನು ಕೆಲಸ ನಿಲ್ಲಿಸಿದಾಗ ಅವನನ್ನು ಗದರಿಸದೆ ಬೆಂಬಲಿಸುವುದು ವ್ಯವಸ್ಥಾಪಕನ ಹೊಣೆ. ಅಂಥ ವಾತಾವರಣವನ್ನು ಕಲ್ಪಿಸುವುದು ಮಾಲೀಕ ಸಂಸ್ಥೆಯ ಹೊಣೆ. ಕಾರ್ಮಿಕನು ಕೂಡ ಬರಿಯ ಆಜ್ಞಾಧಾರಕನಲ್ಲ. ತಾನು ಕಂಡ ಅಪಾಯವನ್ನು ಒಡನೆಯೇ ತಿಳಿಸುವುದು, ಬೇಲಿಯನ್ನು ದಾಟದಿರುವುದು, ಸುರಕ್ಷಾ ಸಾಧನಗಳನ್ನು ಕೆಡಿಸದಿರುವುದು ಅವನ ಕರ್ತವ್ಯಗಳು. ಗಣಿಯ ಸುರಕ್ಷಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೂ ಸ್ಥಾನವಿದೆ.

ಎಲ್ಲ ಎಚ್ಚರಿಕೆಯೂ ಮೀರಿ ಅನಾಹುತವಾದಾಗ ರಕ್ಷಣಾ ಪಡೆಯವರು ಮುಂದೆ ಬರುತ್ತಾರೆ. 1989ರ ನವೆಂಬರ್ 13ರ ರಾತ್ರಿ ರಾಣಿಗಂಜ್ ಪ್ರದೇಶದ ಮಹಾಬೀರ್ ಗಣಿಯೊಳಗೆ ನೀರು ನುಗ್ಗಿತು. ಹಲವರು ಹೊರಬಂದರೂ 71 ಜನ ಒಳಗೆ ಸಿಕ್ಕಿಕೊಂಡರು. ಅವರಲ್ಲಿ ಆರು ಮಂದಿ ಮುಳುಗಿ ಸತ್ತರು. ಉಳಿದವರು ಇರುವ ಜಾಗವನ್ನು ಗುರುತಿಸಿ ಮೇಲಿನಿಂದ ನೆಲವನ್ನು ಕೊರೆಯಲಾಯಿತು. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿರುವ ಉಕ್ಕಿನ ಕೊಳವೆಯೊಂದನ್ನು ತರಾತುರಿಯಲ್ಲಿ ತಯಾರಿಸಲಾಯಿತು. ಆ ಉಪಾಯವನ್ನು ಮುಂದಿಟ್ಟ ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಅವರು ತಾವೇ ಅದರಲ್ಲಿ ನಿಂತು ಕೆಳಗಿಳಿದರು. ಒಬ್ಬೊಬ್ಬರನ್ನಾಗಿ 65 ಜನರನ್ನೂ ಮೇಲಕ್ಕೆ ಕಳುಹಿಸಿ, ಕೊನೆಗೆ ತಾವು ಮೇಲೆ ಬಂದರು. 1991ರಲ್ಲಿ ಅವರಿಗೆ ಸರ್ವೋತ್ತಮ ಜೀವನ ರಕ್ಷಾ ಪದಕ ದೊರೆಯಿತು.

ಗಿಲ್ ಅವರ ಸಾಹಸವನ್ನು ನಾವು ಮೆಚ್ಚಿ ಸ್ಮರಿಸುತ್ತೇವೆ, ಅದು ಯುಕ್ತವೇ. ಆದರೆ ಗಣಿಯ ಸುರಕ್ಷತೆಯು ಸಾಹಸವನ್ನೇ ನೆಚ್ಚಿಕೊಂಡು ನಿಂತಿಲ್ಲ. ಚಾವಣಿಯನ್ನು ತಟ್ಟಿ ನೋಡಿದ ಸರ್ದಾರ, ಬಾಗಿಲನ್ನು ಮರೆಯದೆ ಮುಚ್ಚಿದ ಕಾರ್ಮಿಕ, ಜಾಲರಿಯನ್ನು ಪರೀಕ್ಷಿಸಿದ ದೀಪದ ಕೋಣೆಯ ನೌಕರ, ಗಂಟೆಗೆ ಕಿವಿಗೊಟ್ಟು ಕುಳಿತ ಯಂತ್ರಚಾಲಕ, ಇವರ ಹೆಸರುಗಳು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಇವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ ದಿನ ಗಣಿಯಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಪಾಳಿ ಮುಗಿಯುತ್ತದೆ, ಪಂಜರ ಮೇಲೆ ಬರುತ್ತದೆ, ದೀಪಗಳೆಲ್ಲ ಕೋಣೆಗೆ ಹಿಂದಿರುಗಿ ಲೆಕ್ಕ ಸರಿಹೋಗುತ್ತದೆ. ಅಂಥ ದಿನಗಳು ಒಂದಾದ ಮೇಲೊಂದು ಬರುತ್ತಿರಲೆಂಬುದೇ ಗಣಿಯ ಎಲ್ಲ ನಿಯಮಗಳ ಉದ್ದೇಶ.